'ನಮಸ್ಕಾರ ವಾಡಿ' ಅಂತ ಮೇಲ್ ಕಳಿಸಿದ್ದು ನಾವೇ

ಕಳೆದ ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಯ ಹೊತ್ತಿಗೆ ನಮ್ಮ ಬಳಗದಿಂದ ಒಂದು ಎಡವಟ್ಟಾಯಿತು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದು ವಾಸಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದ ಗೆಳೆಯರ ಹೆಸರು ಮತ್ತು ಇಮೇಲ್ ವಿಳಾಸಗಳನ್ನು ಊರುವಾರು ಒಂದು ಫೈಲಿನಲ್ಲಿ ಇಟ್ಟಿದ್ದೆವು. ನಮ್ಮ ಕಡೆ ಬಸವರಾಜರಿಗೇನು ಬರವೇ? ಗುರುತು ಸಿಗಲಿ ಅಂತ ಹೆಸರಿನ ಮುಂದೆ ಕಾಮಾ ಹಾಕಿ ಊರು ಬರೆದೆವು: 'ಬಸವರಾಜ, ವಾಡಿ', ಅದರ ಮುಂದೆ ಕೋನಾವರಣದಲ್ಲಿ ವಿಳಾಸ. ಹೀಗೆ ಎಲ್ಲರದೂ ಒಂದೇ ಉದ್ದ ಸ್ಟ್ರಿಂಗ್. ಕೊನೆಯ ದಿನಾಂಕ ಎರಡು ದಿನ ಹಿಂದಕ್ಕೆ ಬಂದಿದೆ ಅಂತ ತಿಳಿಸಲು ಒಂದು ಪುಟ್ಟ ಪ್ರೋಗ್ರಾಂ ಬರೆದೆವು. ಆ ಸ್ಟ್ರಿಂಗನ್ನು ಕಾಮಾ ಇದ್ದಲ್ಲಿ ಸ್ಪ್ಲಿಟ್ ಮಾಡು, ಬಂದ ಪ್ರತಿ ತುಂಡಿಗೂ ಮೇಲ್ ಕಳಿಸು, ಅಷ್ಟೇ.

ಮೊದಲ ಸಲ ಓಡಿಸಿದಾಗ 'ಬಸವರಾಜ' ಅನ್ನುವ ತುಂಡು ವಿಳಾಸವೇ ಅಲ್ಲ ಅಂತ ಪ್ರೋಗ್ರಾಂ ನಿಂತಿತು. ಗಡಿಬಿಡಿಯಲ್ಲಿ ತೇಪೆ ಹಚ್ಚಿದೆವು: @ ಇಲ್ಲದ ತುಂಡನ್ನು ಬಿಟ್ಟು ಮುಂದೆ ಹೋಗು. ಓಡಿತು! ಉಳಿದ ತುಂಡು 'ವಾಡಿ' ಮತ್ತು ವಿಳಾಸ. ಹಾಗಾಗಿ ಹಲವರಿಗೆ 'ನಮಸ್ಕಾರ ವಾಡಿ', 'ನಮಸ್ಕಾರ ಸೇಡಂ' ಅಂತ ಮೇಲ್ ಹೋಯಿತು. ನಕ್ಕರು, ನಾವೂ ನಕ್ಕೆವು. ಶಹಾಬಾದಿನ ಸಾಲಿಗೆ ಬಂದಾಗ ನಗು ನಿಂತಿತು. ಅಲ್ಲಿ ಒಬ್ಬರು ತಮ್ಮ ಹೆಸರನ್ನು 'ಶರಣಬಸಪ್ಪ @ ಶರಣು' ಅಂತ ಬರೆದಿದ್ದರು (ಹೆಸರು ಬದಲಿಸಿದ್ದೇವೆ). ನಮ್ಮ ಕಾಗದಪತ್ರಗಳಲ್ಲಿ ಉರ್ಫ್ ಅನ್ನುವುದಕ್ಕೆ @ ಹಾಕುವ ರೂಢಿ ಹಳೆಯದು. ಪ್ರೋಗ್ರಾಂ ಅದನ್ನೇ ವಿಳಾಸ ಅಂತ ತಿಳಿದು ಕಳಿಸಲು ಹೋಗಿ ಅಲ್ಲೇ ಬಿದ್ದುಹೋಯಿತು. ಅದರ ಕೆಳಗಿದ್ದವರಿಗೆ, ಅಂದರೆ ಚಿಂಚೋಳಿಯವರೆಲ್ಲರಿಗೂ, ಮೇಲ್ ಹೋಗಲೇ ಇಲ್ಲ. ಅಲ್ಲಿಯ ಜೂನಿಯರ್ ಒಬ್ಬಳು ಎರಡು ವಾರ ಕೂತು ಬರೆದ ಪ್ರಬಂಧ ಹಿಡಿದು ಹಳೆಯ ದಿನಾಂಕಕ್ಕೆ ಬಂದಳು. "ನನಗ ಯಾರೂ ಹೇಳೇ ಇಲ್ಲಲ್ರಿ ಅಕ್ಕಾ" ಅಂದಳು. ಆಗಲೇ ಫಲಿತಾಂಶ ಹಚ್ಚಿಯಾಗಿತ್ತು.

ಇದನ್ನು ಸಣ್ಣ ಬಗ್ ಅಂತ ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ತಪ್ಪು ಕೋಡಿನಲ್ಲಿ ಆಮೇಲೆ ಬಂತು, ಮೊದಲು ಬಂದದ್ದು ನಮ್ಮ ತಿಳುವಳಿಕೆಯಲ್ಲಿ. ಇಮೇಲ್ ವಿಳಾಸ ಅಂದರೆ ನಡುವೆ @ ಇರುವ ಅಕ್ಷರಗಳ ಸಾಲು ಅಂತ ನಾವು ತಿಳಿದಿದ್ದೆವು. ಅದು ಭಾಗಗಳಿರುವ ವಸ್ತು: ತೋರಿಸುವ ಹೆಸರು, ಪೆಟ್ಟಿಗೆಯ ಹೆಸರು, ಡೊಮೈನ್. ಒಂದೊಂದಕ್ಕೂ ಬೇರೆ ನಿಯಮ. ಮೂರನೇ ಸೆಮಿಸ್ಟರಿನಲ್ಲಿ 'ಸ್ಟೂಡೆಂಟ್' ಕ್ಲಾಸು, 'ಬ್ಯಾಂಕ್ ಅಕೌಂಟ್' ಕ್ಲಾಸು ಅಂತ ಪುಟಗಟ್ಟಲೆ ಬರೆಯುವ ನಾವು ದಿನಾ ಬಳಸುವ ವಿಳಾಸವನ್ನು ಮಾತ್ರ ಬರೀ ಸ್ಟ್ರಿಂಗ್ ಮಾಡಿ ಬಿಸಾಡುತ್ತೇವೆ.

ನಮ್ಮ ಅಜ್ಜಂದಿರು ಈ ವಿಷಯದಲ್ಲಿ ಶಾಣ್ಯಾ ಇದ್ದರು. ಇನ್‌ಲ್ಯಾಂಡ್ ಲೆಟರಿನ ಮೇಲೆ ಅವರು ಬರೆಯುತ್ತಿದ್ದುದು ನೆನಪಿದೆಯೇ? 'ಮು. ಪೋ.' ಅಂತ ಊರು, 'ತಾ.' ಅಂತ ಚಿಂಚೋಳಿ, 'ಜಿ.' ಅಂತ ಕಲಬುರಗಿ. ಪ್ರತಿ ಭಾಗಕ್ಕೂ ಅದರದೇ ಹಣೆಪಟ್ಟಿ. 1972ರಲ್ಲಿ ಪಿನ್‌ಕೋಡ್ ಬಂದ ಮೇಲೆ ಇನ್ನೊಂದು ಭಾಗ ಸೇರಿತು. ಮೇಲೆ ಹೇಳಿದ ಐದೂ ಊರುಗಳ ಪಿನ್ ಶುರುವಾಗುವುದು 585ರಿಂದಲೇ. ದೂರದ ಊರಿನಲ್ಲಿ ಟಪಾಲು ವಿಂಗಡಿಸುವವರಿಗೆ ಅಷ್ಟು ಸಾಕು. ಯಾವ ಓಣಿಯ ಯಾವ ಬಸವರಾಜ ಅನ್ನುವುದು ಆ ಊರಿನ ಪೋಸ್ಟ್‌ಮನ್‌ಗೆ ಬಿಟ್ಟದ್ದು. ಇಮೇಲ್ ಕೂಡ ಹೀಗೇ ನಡೆಯುತ್ತದೆ. @ ಬಲಗಡೆಯ ಡೊಮೈನ್ ನೋಡಿ ಮೇಲ್ ಎತ್ತ ಹೋಗಬೇಕೆಂದು ತೀರ್ಮಾನವಾಗುತ್ತದೆ. ಎಡಗಡೆಯದಕ್ಕೆ ಅರ್ಥ ಹಚ್ಚುವ ಹಕ್ಕು ಆ ಡೊಮೈನಿನ ಸರ್ವರ್‌ಗೆ ಮಾತ್ರ. ಜಿಮೇಲ್ ಎಡಭಾಗದ ಚುಕ್ಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಂತ ಎಲ್ಲ ಕಡೆಯೂ ಚುಕ್ಕೆ ಕಿತ್ತುಹಾಕಿದರೆ ಬೇರೆಯವರ ಪೆಟ್ಟಿಗೆಗೆ ಹೋದೀತು. ಡೊಮೈನಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ. ಎಡಭಾಗದಲ್ಲಿ ನಿಯಮದ ಪ್ರಕಾರ ಬೇರೆ, ರೂಢಿಯಲ್ಲಿ ಹೆಚ್ಚಿನವರು ಒಂದೇ ಅನ್ನುತ್ತಾರೆ. ಇಷ್ಟೆಲ್ಲ ವ್ಯತ್ಯಾಸವನ್ನು ಒಂದು ಸ್ಟ್ರಿಂಗ್ ಹೇಗೆ ನೆನಪಿಡಬೇಕು?

"ಇಷ್ಟಕ್ಕೆ ಕ್ಲಾಸು ಯಾಕೋ, ಒಂದು ರೆಜೆಕ್ಸ್ ಹಾಕಿದ್ರ ಮುಗೀತದ" ಅಂತ ಗೆಳೆಯರು ಹೇಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ 1982ರ ಆರ್‌ಎಫ್‌ಸಿ 822ರ ವ್ಯಾಕರಣವನ್ನು ಪೂರ್ತಿ ಹಿಡಿಯಲು ಪರ್ಲ್ ಭಾಷೆಯಲ್ಲಿ ಬರೆದ ಹೆಸರಾಂತ ರೆಜೆಕ್ಸ್ ಆರು ಸಾವಿರ ಅಕ್ಷರಕ್ಕೂ ಉದ್ದ. ಅಷ್ಟಾದರೂ ಅದು ಕಾಮೆಂಟುಗಳನ್ನು ಮೊದಲೇ ತೆಗೆದುಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಯಾಕೆಂದರೆ ವಿಳಾಸದೊಳಗೆ ಆವರಣದಲ್ಲಿ ಕಾಮೆಂಟ್ ಬರೆಯಬಹುದು, ಆ ಆವರಣದೊಳಗೆ ಇನ್ನೊಂದು ಆವರಣ, ಅದರೊಳಗೆ ಮತ್ತೊಂದು. ಪಂಪಿಂಗ್ ಲೆಮ್ಮಾವನ್ನು ಬರೀ ಪರೀಕ್ಷೆಗೆ ಬಾಯಿಪಾಠ ಮಾಡಿದವರು ಇಲ್ಲಿ ಸ್ವಲ್ಪ ನಿಂತು ನೋಡಿ: ಎಷ್ಟು ಆಳ ಬೇಕಾದರೂ ಹೋಗುವ ಆವರಣಗಳನ್ನು ರೆಗ್ಯುಲರ್ ಭಾಷೆ ಹಿಡಿಯಲಾರದು. ಅದಕ್ಕೆ ಪಾರ್ಸರ್ ಬೇಕು.

ಪಾರ್ಸರ್ ನಾವೇ ಬರೆಯಬೇಕಾಗಿಯೂ ಇಲ್ಲ. ಜಾವಾದವರಿಗೆ ಜಾವಾಮೇಲ್‌ನಲ್ಲಿ 'ಇಂಟರ್ನೆಟ್‌ಆಡ್ರೆಸ್' ಕ್ಲಾಸ್ ಇದೆ. ಪೈಥಾನಿನಲ್ಲಿ 'ಇಮೇಲ್' ಪ್ಯಾಕೇಜಿನ 'ಹೆಡರ್‌ರಿಜಿಸ್ಟ್ರಿ' ಮಾಡ್ಯೂಲಿನಲ್ಲಿ 'ಆಡ್ರೆಸ್' ಕ್ಲಾಸ್ ಇದೆ, 3.3ರಲ್ಲಿ ಪ್ರಯೋಗಕ್ಕೆ ಬಂದು 3.6ರಲ್ಲಿ ಕಾಯಂ ಆಯಿತು. ಅದಕ್ಕೆ ಡಿಸ್‌ಪ್ಲೇ ನೇಮ್, ಯೂಸರ್‌ನೇಮ್, ಡೊಮೈನ್ ಬೇರೆ ಬೇರೆ ಕೊಟ್ಟರಾಯಿತು. 'ಶರಣಬಸಪ್ಪ @ ಶರಣು, ಶಹಾಬಾದ್' ಅಂತ ಹೆಸರು ಕೊಟ್ಟು ನೋಡಿದೆವು. ಸ್ಟ್ರಿಂಗ್ ಆಗಿ ಹೊರಗೆ ಬರುವಾಗ ತಾನೇ ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಿಕೊಂಡು ಬಂತು. ನಮ್ಮ ಕಾಮಾ, ಅವರ ಉರ್ಫ್, ಎರಡೂ ಹೆಸರಿನೊಳಗೇ ಉಳಿದವು. ಎಡವಟ್ಟಾದ ದಿನ ನಮಗೆ ಬೇಕಾಗಿದ್ದುದು ಇಷ್ಟೇ!

ಲೈಬ್ರರಿ ಅಂದಾಕ್ಷಣ ತಪ್ಪೇ ಇರುವುದಿಲ್ಲ ಅಂತಲ್ಲ. ಪೈಥಾನಿನ ಹಳೆಯ 'ಪಾರ್ಸ್‌ಆಡ್ರ್' ಫಂಕ್ಷನ್ ವಿಶೇಷ ಚಿಹ್ನೆಗಳಿದ್ದ ಕೆಲವು ಸ್ಟ್ರಿಂಗುಗಳಿಂದ ತಪ್ಪು ಭಾಗವನ್ನು ವಿಳಾಸ ಅಂತ ಎತ್ತಿಕೊಡುತ್ತಿತ್ತು. 2023ರಲ್ಲಿ ಅದಕ್ಕೆ ಸಿವಿಇ-2023-27043 ಅಂತ ನಂಬರ್ ಬಿತ್ತು. 'ಇಂಥ ಡೊಮೈನಿನವರಿಗೆ ಮಾತ್ರ ಪ್ರವೇಶ' ಅನ್ನುವ ಸೈಟುಗಳಲ್ಲಿ ಇದರಿಂದ ಹೊರಗಿನವರು ನುಸುಳಬಹುದಿತ್ತು. ಆಮೇಲೆ ಕಟ್ಟುನಿಟ್ಟಾಗಿ ಓದುವ 'ಸ್ಟ್ರಿಕ್ಟ್' ಆಯ್ಕೆ ಸೇರಿಸಿದರು. ತಪ್ಪು ಲೈಬ್ರರಿಯಲ್ಲಿದ್ದರೆ ಒಂದು ಕಡೆ ತಿದ್ದಿದರೆ ಸಾಕು, ಅಪ್‌ಡೇಟ್ ಮಾಡಿಕೊಂಡ ಎಲ್ಲರಿಗೂ ಸರಿಹೋಗುತ್ತದೆ. ನಮ್ಮ ಸ್ಪ್ಲಿಟ್‌ಗೆ ಯಾವ ಪುಣ್ಯಾತ್ಮ ಸಿವಿಇ ಕೊಡುತ್ತಾನೆ?

ಕನ್ನಡ ಬಳಗದವರಾಗಿ ಇನ್ನೊಂದು ಮಾತು. ಫಾರ್ಮಿನಲ್ಲಿ ಕನ್ನಡದಲ್ಲಿ ಹೆಸರು ಹಾಕಿದರೆ ಕೆಂಪಕ್ಷರದಲ್ಲಿ ಬೈಸಿಕೊಳ್ಳುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಹೆಸರಿನ ಭಾಗದಲ್ಲಿ ಕನ್ನಡ ಹೋಗಲು 1996ರ ಆರ್‌ಎಫ್‌ಸಿ 2047ರಲ್ಲೇ ದಾರಿ ಇದೆ. ವಿಳಾಸದಲ್ಲೇ ಕನ್ನಡ ಬರೆಯಲು 2012ರ ಆರ್‌ಎಫ್‌ಸಿ 6531 ಮತ್ತು 6532 ಬಂದವು. 2014ರಲ್ಲಿ ಜಿಮೇಲ್ ಅಂಥ ವಿಳಾಸಗಳಿಗೆ ಕಳಿಸುವುದನ್ನೂ ಅಲ್ಲಿಂದ ಪಡೆಯುವುದನ್ನೂ ಶುರುಮಾಡಿತು. ಪೈಥಾನಿನ 'ಎಸ್‌ಎಂಟಿಪಿಲಿಬ್' 3.5ರಿಂದ ಅದಕ್ಕೆ ಸಿದ್ಧ. '.ಭಾರತ' ಅನ್ನುವ ಡೊಮೈನ್ ಕನ್ನಡ ಲಿಪಿಯಲ್ಲೇ ಇದೆ. ಇಷ್ಟಿದ್ದೂ 'ಎ'ಯಿಂದ 'ಝಡ್'ವರೆಗೆ ಮಾತ್ರ ಒಪ್ಪುವ ರೆಜೆಕ್ಸನ್ನು ಎಲ್ಲಿಂದಲೋ ಕಾಪಿ ಮಾಡಿ ಅಂಟಿಸಿ ಬಾಗಿಲು ಹಾಕುವವರು ಯಾರು? ನಾವೇ, ಪ್ರಾಜೆಕ್ಟ್ ಸಬ್ಮಿಶನ್ನಿನ ಹಿಂದಿನ ರಾತ್ರಿ.

ಲೆಕ್ಕವನ್ನೂ ನಾವೇ ಮಾಡಬೇಕು. @ ಎಡಭಾಗಕ್ಕೆ 64 ಬೈಟಿನ ಮಿತಿ ಇದೆ, ಅಕ್ಷರದ ಮಿತಿಯಲ್ಲ. 'ಶರಣಬಸಪ್ಪ' ಕಣ್ಣಿಗೆ ಆರು ಅಕ್ಷರ, ಯೂನಿಕೋಡಿನಲ್ಲಿ ಎಂಟು ಕೋಡ್ ಪಾಯಿಂಟು, ಯುಟಿಎಫ್-8ರಲ್ಲಿ 24 ಬೈಟು. ಡೇಟಾಬೇಸಿನಲ್ಲಿ ಕಾಲಂ ಅಗಲ ಇಡುವಾಗ ಇದನ್ನು ಮರೆತರೆ ಹೆಸರು ಅರ್ಧಕ್ಕೇ ತುಂಡಾಗುತ್ತದೆ.

ಈ ಸಲದ ನೋಂದಣಿ ಫಾರ್ಮನ್ನು ಹೊಸದಾಗಿ ಬರೆದಿದ್ದೇವೆ. ಹೆಸರಿಗೆ ಒಂದು ಡಬ್ಬಿ, ಊರಿಗೆ ಒಂದು, ವಿಳಾಸಕ್ಕೆ ಒಂದು. ವಿಳಾಸ ಸರಿಯೋ ತಪ್ಪೋ ಅಂತ ನಾವು ಊಹಿಸುವುದಿಲ್ಲ. ಲೈಬ್ರರಿಗೆ ಓದಲು ಕೊಡುತ್ತೇವೆ, ಆಮೇಲೆ ಒಂದು ಮೇಲ್ ಕಳಿಸಿ ಅದರ ಲಿಂಕ್ ನೀವು ಒತ್ತುವವರೆಗೆ ಕಾಯುತ್ತೇವೆ. ಒಂದು ವಿಳಾಸಕ್ಕೆ ಹೋಗದಿದ್ದರೆ ಅದನ್ನು ಬರೆದಿಟ್ಟುಕೊಂಡು ಪ್ರೋಗ್ರಾಂ ಮುಂದಿನವರಿಗೆ ಹೋಗುತ್ತದೆ. ಹೋಗದೆ ಉಳಿದವರ ಹೆಸರನ್ನು ಅಂದೇ ಸಂಜೆ ಕ್ಯಾಂಟೀನ್ ಪಕ್ಕದ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ಮೊದಲ ಪರೀಕ್ಷೆಯ ಮೇಲ್ ಚಿಂಚೋಳಿಯ ಆ ಜೂನಿಯರ್‌ಗೇ ಕಳಿಸಿದೆವು. "ಬಂದದರಿ ಅಕ್ಕಾ, ಹೆಸರೂ ಸರಿ ಅದ" ಅಂತ ಉತ್ತರ ಬಂತು. ಹೋದ ವರ್ಷದ ಅವಳ ಪ್ರಬಂಧವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತಿದ್ದೇವೆ.