ಕೆಸರು ಖಾಲಿ ಜಾಗವಲ್ಲ

ಮೀನು ನೀರಿನಲ್ಲಿ ಬದುಕುತ್ತದೆ, ಕಿವಿರುಗಳಿಂದ ಉಸಿರಾಡುತ್ತದೆ. ಕಪ್ಪೆ ನೀರಿಗೂ ಸೈ, ನೆಲಕ್ಕೂ ಸೈ. ಕಶೇರುಕಗಳ ಪಾಠವನ್ನು ನಾವು ಹೀಗೆಯೇ ಬಾಯಿಪಾಠ ಮಾಡಿದ್ದೇವೆ. ನಮ್ಮ ಮಕ್ಕಳೂ ಮಾಡುತ್ತಿದ್ದಾರೆ. ಖಾರಘರದ ಖಾಡಿಯಂಚಿನಲ್ಲಿ ಇಳಿತದ ಹೊತ್ತಿಗೆ ನಿಂತು ನೋಡಿದರೆ ಈ ಪಾಠ ಅರ್ಧವೇ ಎಂಬುದು ಗೊತ್ತಾಗುತ್ತದೆ. ಕಾಂಡ್ಲಾ ಗಿಡಗಳ ಬುಡದ ಕೆಸರಿನ ಮೇಲೆ ಅಲ್ಲಿ ಒಂದು ಮೀನು ತೆವಳುತ್ತದೆ, ಜಿಗಿಯುತ್ತದೆ. ಮರಾಠಿಯಲ್ಲಿ ಅದಕ್ಕೆ ನಿವಟಿ ಎನ್ನುತ್ತಾರೆ.

ನಿವಟಿ ಅಪ್ಪಟ ಮೀನು. ಎದೆಯ ಈಜುರೆಕ್ಕೆಗಳನ್ನೇ ಊರಿಕೊಂಡು ಅದು ಮುಂದೆ ಸಾಗುತ್ತದೆ. ಕಿವಿರಿನ ಗೂಡಿನಲ್ಲಿ ತೇವವನ್ನು ಉಳಿಸಿಕೊಂಡು, ಒದ್ದೆ ಚರ್ಮ ಹಾಗೂ ಬಾಯಿಯ ಒಳಪೊರೆಯ ಮೂಲಕ ಗಾಳಿಯ ಆಮ್ಲಜನಕವನ್ನು ಹೀರುತ್ತದೆ. ನೆತ್ತಿಯ ಮೇಲೆ ಉಬ್ಬಿದ ಕಣ್ಣುಗಳನ್ನು ಒಣಗದಂತೆ ಆಗಾಗ ಗುಳಿಯೊಳಕ್ಕೆ ಎಳೆದುಕೊಳ್ಳುತ್ತದೆ. ಚರ್ಮ ಒಣಗಿದರೆ ಉಸಿರಿಗೇ ಸಂಚಕಾರ. ಆದುದರಿಂದ ಕೆಸರಿನಲ್ಲಿ ಹೊರಳುತ್ತದೆ. ಬಿಲ ತೋಡಿ ಮೊಟ್ಟೆಯಿಡುವುದೂ ಅದೇ ಕೆಸರಿನೊಳಗೆ.

ಇದನ್ನು ಕಪ್ಪೆಯಾಗಲು ಹೊರಟ ಮೀನು ಎಂದು ತಿಳಿಯಬಾರದು. ಕಪ್ಪೆಗಳ ದೂರದ ಪೂರ್ವಜರು ಸುಮಾರು 37 ಕೋಟಿ ವರ್ಷಗಳ ಹಿಂದೆ ಬೇರೆಯೇ ಮೀನುಕುಲದಿಂದ ಕವಲೊಡೆದವು. ನಿವಟಿಯ ವಂಶ ಬಹಳ ಈಚಿನದು. ಅದಕ್ಕೆ ಕೆಸರು ದಾರಿಯ ತಂಗುದಾಣವಲ್ಲ, ಮನೆ. ಖಾರಘರದ ಗುಡ್ಡಗಳ ಮಳೆಹೊಂಡದಲ್ಲಿ ವಟಗುಟ್ಟುವ ಕಪ್ಪೆಯ ತೆಳುಚರ್ಮ ಖಾಡಿಯ ಉಪ್ಪನ್ನು ತಾಳದು. ನಿವಟಿಗೆ ಆ ಹೊಂಡ ನೆಲೆಯಾಗದು. ಇಲ್ಲಿಯ ಜಾಗಕ್ಕೆ ಬದಲಾಗಿ ಅಲ್ಲಿ ಜಾಗ ಕೊಟ್ಟರಾಯಿತು ಎಂಬ ಲೆಕ್ಕ ಜೀವಿಗಳ ವಿಷಯದಲ್ಲಿ ನಡೆಯುವುದಿಲ್ಲ.

ಬಾಂಬೆ ಹೈಕೋರ್ಟು 2018ರಲ್ಲಿ ರಾಜ್ಯದಾದ್ಯಂತ ಕಾಂಡ್ಲಾವನಗಳ ನಾಶಕ್ಕೆ ತಡೆಯೊಡ್ಡಿತು. ಫ್ಲೆಮಿಂಗೊ ಹಕ್ಕಿಗಳಿಗೆ ಹೆಸರಾದ ಠಾಣೆ ಖಾಡಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇವು ಸಮಾಧಾನದ ಸಂಗತಿಗಳೇ. ಆದರೆ ನಮ್ಮ ಅಕ್ಕರೆ ಗುಲಾಬಿ ಗರಿಗಳನ್ನು ದಾಟಿ ಕೆಳಗಿಳಿಯುವುದಿಲ್ಲ. ಗಿಡವಿಲ್ಲದ ಕೆಸರು ಕಂಡರೆ ‘ಖಾಲಿ ಜಾಗ’ ಎನ್ನುತ್ತೇವೆ. ಅಲ್ಲಿ ಕಟ್ಟಡಗಳ ಅವಶೇಷ ಸುರಿದರೆ ಸುಮ್ಮನಿರುತ್ತೇವೆ. ಭರತದ ನೀರು ಬಾರದ ಕೆಸರು ಒಣಗುತ್ತದೆ. ನಿವಟಿಯ ಉಸಿರು ಅಲ್ಲಿಗೆ ಮುಗಿಯುತ್ತದೆ.

ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದಾಗ ಕರಾವಳಿಯಿಂದ ಬಂದ ನಾವು ಹಿಗ್ಗಿದ್ದುಂಟು. ತವರಿನ ಅಳಿವೆಗೆ ಸಲ್ಲುವ ಅಭಿಮಾನ ಬಾಳುವ ಊರಿನ ಖಾಡಿಗೂ ಸಲ್ಲಬೇಕು. ಕಶೇರುಕಗಳ ಪಾಠ ಬಂದಾಗ ಮಕ್ಕಳನ್ನು ಇಳಿತದ ವೇಳೆ ಒಮ್ಮೆ ದಂಡೆಗೆ ಕರೆದೊಯ್ಯೋಣ. ನಿವಟಿಯನ್ನು ಕಂಡ ಮಗು ಆ ಜಾಗವನ್ನು ಖಾಲಿ ಎನ್ನಲಾರದು.