ಊರ ಹೆಸರಿಗೂ ಕೆಂಪು ಗೆರೆ: ಜಿಲ್ಲೆಗೊಂದು ಪದಪಟ್ಟಿ ಕೊಡಿ



ಸರ್ಕಾರಿ ನೋಟಿಸಿನಲ್ಲೋ ಫ್ಲೆಕ್ಸಿನಲ್ಲೋ ಕನ್ನಡ ತಪ್ಪಾದಾಗಲೆಲ್ಲ ಅದರ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಜೊತೆಗೆ ‘ಟೈಪ್ ಮಾಡಿದವನಿಗೆ ಕನ್ನಡವೇ ಬರೋದಿಲ್ಲ’ ಎಂಬ ತೀರ್ಪು. ನವೆಂಬರ್ ಹತ್ತಿರವಾದಂತೆ ಈ ದನಿ ಇನ್ನಷ್ಟು ಏರುತ್ತದೆ. ಭದ್ರಾವತಿಯ ಕಾಗದನಗರದಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಟೈಪ್ ಮಾಡಿಕೊಂಡು ಬದುಕುವ ನನಗೆ ಈ ತೀರ್ಪಿನ ಬಗ್ಗೆ ತಕರಾರಿದೆ. ನಮ್ಮಿಂದ ತಪ್ಪುಗಳಾಗುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಇಂಗ್ಲಿಷ್ ಟೈಪ್ ಮಾಡುವವನನ್ನು ಹೆಜ್ಜೆಹೆಜ್ಜೆಗೂ ಕಂಪ್ಯೂಟರ್ ಎಚ್ಚರಿಸುತ್ತದೆ, ಕನ್ನಡದವನನ್ನು ಎಚ್ಚರಿಸಲು ಅದಕ್ಕೆ ನಮ್ಮ ಪದಗಳೇ ಗೊತ್ತಿಲ್ಲ. ಗೊತ್ತುಮಾಡಿಸುವ ಕೆಲಸ ದೊಡ್ಡದೇನಲ್ಲ. ಮಾಡಬೇಕಾದವರು ಮಾಡಿಲ್ಲ, ಅಷ್ಟೇ.

ನಮ್ಮೂರಿನ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ನ್ಯೂಸ್‌ಪ್ರಿಂಟ್ ತಯಾರಿಸುತ್ತಿದ್ದ ಕಾಲದಲ್ಲಿ, ಆ ಕಾಗದದ ಮೇಲೆ ಅಚ್ಚಾಗುವ ಮೊದಲು ಪ್ರತಿ ಸಾಲೂ ಕರಡು ತಿದ್ದುವವರ ಕಣ್ಣು ದಾಟಿ ಬರಬೇಕಿತ್ತು. 1936ರಲ್ಲಿ ಹುಟ್ಟಿದ ಆ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆದವು. ಕರಡು ತಿದ್ದುವವರೂ ಹೆಚ್ಚುಕಡಿಮೆ ಮರೆಯಾದರು. ಇಂದು ಆ ಕೆಲಸ ಸ್ಪೆಲ್‌ಚೆಕ್ಕಿನ ಪಾಲಿಗೆ ಬಂದಿದೆ. ವರ್ಡ್‌ಗೆ ಕನ್ನಡದ ಸ್ಪೆಲ್‌ಚೆಕ್ ಹಾಕಿಕೊಳ್ಳಬಹುದು. ಲಿಬ್ರೆ ಆಫೀಸಿಗೆ ಹನ್‌ಸ್ಪೆಲ್ ಎಂಬ ಸ್ಪೆಲ್‌ಚೆಕ್ ತಂತ್ರಾಂಶದ ಕನ್ನಡ ಕೋಶ ಪುಕ್ಕಟೆ ಸಿಗುತ್ತದೆ. ಸರಿ, ಅವುಗಳ ಮುಂದೆ ನಮ್ಮ ಶಿವಮೊಗ್ಗ ಜಿಲ್ಲೆಯ ರೈತನೊಬ್ಬನ ಅರ್ಜಿ ಇಟ್ಟು ನೋಡಿ. ಉಂಬ್ಳೆಬೈಲು, ತ್ಯಾವರೆಕೊಪ್ಪ, ಹೊಳೆಹೊನ್ನೂರು; ಬಗರ್‌ಹುಕುಂ, ಸೊಪ್ಪಿನಬೆಟ್ಟ, ಪೋಡಿ, ಆಕಾರ್‌ಬಂದ್; ಅಡಿಕೆ ಮಂಡಿಯ ಲೆಕ್ಕವಾದರೆ ಬೆಟ್ಟೆ, ಗೊರಬಲು. ಇಂಥವುಗಳಲ್ಲಿ ಬಹುಪಾಲು ಪದಗಳ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಹಾಳೆ ತುಂಬ ಕೆಂಪು ಗೆರೆ ಬಿದ್ದಾಗ ನಿಜವಾದ ತಪ್ಪು ಅದರ ನಡುವೆಯೇ ಆರಾಮಾಗಿ ಕೂತಿರುತ್ತದೆ. ಕಣ್ಣಿಗೆ ಕಿರಿಕಿರಿಯಾದ ಆಪರೇಟರು ಸ್ಪೆಲ್‌ಚೆಕ್ಕನ್ನೇ ಆಫ್ ಮಾಡುತ್ತಾನೆ. ನಾನು ನೋಡಿದ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದು ಆಫ್ ಆಗಿಯೇ ಇದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಪದದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಆ್ಯಡ್ ಟು ಡಿಕ್ಷನರಿ’ ಅಂದರೆ ಆ ಪದ ನಮ್ಮದೇ ಒಂದು ಪಟ್ಟಿಗೆ ಸೇರುತ್ತದೆ, ಮುಂದೆ ಕೆಂಪು ಗೆರೆ ಬರುವುದಿಲ್ಲ. ವರ್ಡ್‌ನಲ್ಲಿ ಈ ಪಟ್ಟಿ ಬರೀ ಒಂದು ಟೆಕ್ಸ್ಟ್ ಫೈಲು, ಸಾಲಿಗೊಂದು ಪದ. ಪ್ರೂಫಿಂಗ್ ಆಯ್ಕೆಗಳೊಳಗೆ ಕಸ್ಟಮ್ ಡಿಕ್ಷನರೀಸ್ ಎಂಬಲ್ಲಿಗೆ ಹೋದರೆ ಬೇರೆಯವರು ಮಾಡಿಟ್ಟ ಪಟ್ಟಿಯನ್ನೂ ಸೇರಿಸಿಕೊಳ್ಳಬಹುದು. ಈ ಕೊನೆಯ ಸಂಗತಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹಾಗಾಗಿ ಏಳು ತಾಲ್ಲೂಕುಗಳಲ್ಲೂ ಆಪರೇಟರುಗಳು ತಂತಮ್ಮ ಕಂಪ್ಯೂಟರಿನಲ್ಲಿ ಅದದೇ ಪದಗಳನ್ನು ಒಂದೊಂದಾಗಿ ಒತ್ತಿ ಸೇರಿಸುತ್ತಾರೆ. ವಿಂಡೋಸ್ ಹೊಸದಾಗಿ ಹಾಕಿದ ದಿನ, ಬ್ಯಾಕಪ್ ಇಲ್ಲದಿದ್ದರೆ, ಅಷ್ಟೂ ಪದ ಮಾಯ. ವರ್ಡ್‌ಗೆ ಕಲಿಸಿದ್ದು ಲಿಬ್ರೆ ಆಫೀಸಿಗೆ ತಿಳಿಯುವುದಿಲ್ಲ, ಬ್ರೌಸರಿನ ಪಟ್ಟಿ ಇನ್ನೂ ಬೇರೆ.

ಪದ ಕಳೆದುಹೋಗುವುದಕ್ಕಿಂತ ಅಪಾಯದ ಸಂಗತಿ, ತಪ್ಪು ಪದ ಉಳಿದುಬಿಡುವುದು. ‘ದೃಢೀಕರಣ’ವನ್ನು ‘ಧೃಡೀಕರಣ’ ಎಂದು ಬರೆಯುವುದು ನಮ್ಮ ಕಚೇರಿಗಳಲ್ಲಿ ಎಷ್ಟು ಮಾಮೂಲೆಂದು ಓದುಗರಿಗೆ ಹೇಳಬೇಕಾಗಿಲ್ಲ. ಅವಸರದಲ್ಲಿದ್ದವನು ಅದನ್ನೊಮ್ಮೆ ಪಟ್ಟಿಗೆ ಸೇರಿಸಿದರೆ ಆ ಕಂಪ್ಯೂಟರಿನ ಮಟ್ಟಿಗೆ ತಪ್ಪೇ ಸರಿ. ಆ ಕುರ್ಚಿಗೆ ಆಮೇಲೆ ಬಂದು ಕೂತವನಿಗೂ ಕೆಂಪು ಗೆರೆ ಕಾಣುವುದಿಲ್ಲ. ಫೋಟೊ ಹರಿಬಿಡುವವರು ಬೈಯುವುದು ಮಾತ್ರ ಅವನನ್ನೇ.

ಇಂಗ್ಲಿಷಿಗೆ ಇಲ್ಲದ ಇನ್ನೊಂದು ತೊಡಕು ನಮಗಿದೆ. ‘ಹೊಳೆಹೊನ್ನೂರು’ ಸೇರಿಸಿದೆ ಎಂದಿಟ್ಟುಕೊಳ್ಳಿ. ಮುಂದಿನ ಸಾಲಿನಲ್ಲಿ ಹೊಳೆಹೊನ್ನೂರಿಗೆ, ಹೊಳೆಹೊನ್ನೂರಿನಿಂದ, ಹೊಳೆಹೊನ್ನೂರಿನವರಿಗೂ ಎಂದು ಬಂದರೆ ಮತ್ತೆ ಗೆರೆ. ಪ್ರತ್ಯಯ ಹತ್ತಿದ ಪ್ರತಿ ರೂಪವನ್ನೂ ಯಾರು ಸೇರಿಸುತ್ತಾ ಕೂರುತ್ತಾರೆ? ಹನ್‌ಸ್ಪೆಲ್ ಹುಟ್ಟಿದ್ದೇ ನಮ್ಮ ಹಾಗೆ ಪದದ ಬಾಲಕ್ಕೆ ಪ್ರತ್ಯಯ ಪೋಣಿಸುವ ಹಂಗೇರಿಯನ್ ಭಾಷೆಗಾಗಿ. ಅದರಲ್ಲಿ ಪದಗಳದು ಒಂದು ಫೈಲು, ಪ್ರತ್ಯಯ ನಿಯಮಗಳದು ಇನ್ನೊಂದು. ಲಿಬ್ರೆ ಆಫೀಸಿನ ಸ್ವಂತ ಪದಪಟ್ಟಿಯಲ್ಲಿ ಹೊಸ ಪದದ ಪಕ್ಕದ ಖಾನೆಗೆ ಹಳೆಯ ಮಾದರಿ ಪದವೊಂದನ್ನು ಕೊಡುವ ಸೌಲಭ್ಯವೂ ಇದೆ: ಬೆಂಗಳೂರು ಹೇಗೆ ನಡೆಯುತ್ತದೋ ಹೊಳೆಹೊನ್ನೂರೂ ಹಾಗೆಯೇ ನಡೆಯಲಿ ಎಂದು. ಇದು ಫಲ ಕೊಡಬೇಕಾದರೆ ಮೂಲ ಕೋಶದಲ್ಲಿ ಕನ್ನಡದ ವಿಭಕ್ತಿ, ಸಂಧಿಗಳ ನಿಯಮ ಗಟ್ಟಿಯಾಗಿರಬೇಕು. ಆ ಕೆಲಸ ವ್ಯಾಕರಣ ಬಲ್ಲವರದು, ಡಿ.ಟಿ.ಪಿ. ಅಂಗಡಿಯವರದಲ್ಲ. ಇಲ್ಲೇ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಕನ್ನಡ ವಿಭಾಗವೂ ಕಂಪ್ಯೂಟರ್ ವಿಜ್ಞಾನ ವಿಭಾಗವೂ ಒಂದೇ ಆವರಣದಲ್ಲಿವೆ. ಎರಡರ ವಿದ್ಯಾರ್ಥಿಗಳೂ ಕೂಡಿ ಮಾಡಬಹುದಾದ ಪ್ರಾಜೆಕ್ಟ್ ಇದಕ್ಕಿಂತ ಬೇರೆ ಬೇಕೇ?

ಕಣ್ಣಿಗೆ ಕಾಣದ ತಪ್ಪುಗಳದು ಇನ್ನೊಂದು ಕಥೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತುವ ಚಾಳಿ ನಮ್ಮಲ್ಲಿ ಹಲವರಿಗಿದೆ. ‘ಬೆ೦ಗಳೂರು’ ಎಂದು ಹೀಗೆ ಒತ್ತಿದ್ದನ್ನು ಮನುಷ್ಯರು ಓದಿಕೊಳ್ಳುತ್ತಾರೆ, ಕಂಪ್ಯೂಟರಿಗೆ ಅದು ಬೆಂಗಳೂರೇ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ತನ್ನ ಜಾಗದಲ್ಲಿ ಕೂರುವುದಿಲ್ಲ. ಅಂಥ ಪದ ಸ್ವಂತ ಪಟ್ಟಿಗೆ ಹೊಕ್ಕರೆ ಹಿಡಿಯುವವರೇ ಇಲ್ಲ. ಇನ್ನು ಯೂನಿಕೋಡನ್ನು ಸರ್ಕಾರ ಒಪ್ಪಿ ದಶಕ ಕಳೆದರೂ ಎಷ್ಟೋ ಕಡೆ ಹಳೆಯ ನುಡಿ ಫಾಂಟಿನಲ್ಲೇ ಟೈಪಿಂಗ್ ನಡೆದಿದೆ. ತೆರೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯಾವ ಸ್ಪೆಲ್‌ಚೆಕ್ಕೂ ಅಲ್ಲಿ ಏನೂ ಮಾಡಲಾರದು.

ಹೀಗಿರುವಾಗ ಪ್ರತಿ ರಾಜ್ಯೋತ್ಸವಕ್ಕೂ ‘ಹೊಸ ಕನ್ನಡ ತಂತ್ರಾಂಶ ಬೇಕು’ ಎಂಬ ಬೇಡಿಕೆ ಏಳುತ್ತದೆ. ಬೇಕಾಗಿರುವುದು ತಂತ್ರಾಂಶಕ್ಕಿಂತ ಮೊದಲು ಪದಪಟ್ಟಿ. ಪದಗಳಿಗೇನೂ ಕೊರತೆಯಿಲ್ಲ. ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿದೇ ದಶಕಗಳಾದವು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ‘ಅಲರ್’ ಕೋಶ 2019ರಿಂದ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗುತ್ತಿದೆ. ಒಬ್ಬ ವ್ಯಕ್ತಿ ಅಷ್ಟು ಮಾಡಿ ಹಂಚಿರುವಾಗ ಒಂದು ಜಿಲ್ಲಾಡಳಿತಕ್ಕೆ ತನ್ನ ಊರುಗಳ ಹೆಸರಿನ ಪಟ್ಟಿ ಹಂಚಲಾಗದೆ? ಗ್ರಾಮಗಳ ಹೆಸರು ಕಂದಾಯ ಇಲಾಖೆಯ ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಇದೆ. ಪಹಣಿ ತೆಗೆದರೆ ಅಚ್ಚಾಗಿ ಬರುತ್ತದಲ್ಲ. ಕೂಡ್ಲಿಯೋ ಕೂಡಲಿಯೋ, ಅರಬಿಳಚಿಯೋ ಅರೆಬಿಳಚಿಯೋ ಎಂಬ ಗೊಂದಲವಿರುವ ಕಡೆ ಊರಿನವರನ್ನು ಕೇಳಿ ದಾಖಲೆಗೆ ಒಂದನ್ನು ಗೊತ್ತುಮಾಡಲಿ. ಅಡಿಕೆ, ಅಡಕೆ ಥರದ ಪದಗಳಿಗೆ ಮಾತ್ರ ಎರಡೂ ರೂಪ ಇರಲಿ. ಮಲೆನಾಡಿನಲ್ಲಿ ಅದಕ್ಕೊಂದು ಜಗಳ ಬೇಡ. ವ್ಯಕ್ತಿಗಳ ಹೆಸರಂತೂ ಈ ಪಟ್ಟಿಗೆ ಬರಲೇಬಾರದು. ಯಂತ್ರ ಅದನ್ನು ‘ತಿದ್ದಲು’ ಹೊರಟರೆ ಆಧಾರಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದಾಗಿ ಬಡವರು ನೋಟರಿ ಮುಂದೆ ಅಫಿಡವಿಟ್ ಹಿಡಿದು ನಿಲ್ಲಬೇಕಾಗುತ್ತದೆ. ಆ ಸಾಲು ಈಗಾಗಲೇ ಉದ್ದವಿದೆ.

ಎಐ ಬಂದಿದೆ, ಎಲ್ಲ ಅದೇ ತಿದ್ದುತ್ತದೆ ಎನ್ನುವವರಿದ್ದಾರೆ. ತಿದ್ದಲಿ, ಬೇಡವೆನ್ನುವುದಿಲ್ಲ. ಆದರೆ ತನಗೆ ಪರಿಚಯವಿಲ್ಲದ ಹಳ್ಳಿಯ ಹೆಸರನ್ನು ಅದು ಪರಿಚಯದ ಬೇರೊಂದು ಪದವಾಗಿ ಬದಲಿಸಿದರೆ ಕೆಂಪು ಗೆರೆಯೂ ಇರುವುದಿಲ್ಲ. ಅದಕ್ಕೂ ಕೊನೆಗೆ ಬೇಕಾಗುವುದು ಇದೇ ಪಟ್ಟಿ.

ಶಿವಮೊಗ್ಗ ಜಿಲ್ಲಾಡಳಿತಕ್ಕೆ ನನ್ನ ಮನವಿ ಇಷ್ಟು: ಗ್ರಾಮ, ಹೋಬಳಿ, ಇಲಾಖೆ, ಕಂದಾಯದ ಪದಗಳನ್ನು ಯೂನಿಕೋಡಿನಲ್ಲಿ, ಸಾಲಿಗೊಂದರಂತೆ, ಬಲ್ಲವರಿಂದ ತಿದ್ದಿಸಿ ಜಿಲ್ಲೆಯ ಜಾಲತಾಣದಲ್ಲಿ ಹಾಕಿ. ವರ್ಷಕ್ಕೊಮ್ಮೆ ಪರಿಷ್ಕರಿಸಿ. ಅದನ್ನು ಕಂಪ್ಯೂಟರಿಗೆ ಸೇರಿಸಿಕೊಳ್ಳುವ ಕ್ರಮವನ್ನು ಒಂದು ಪುಟದಲ್ಲಿ ಬರೆದು ಪ್ರತಿ ಕಚೇರಿಗೂ ಕಳಿಸಿ. ಡಿ.ಟಿ.ಪಿ. ಅಂಗಡಿಯವರಾದ ನಾವು ನಮ್ಮಲ್ಲಿರುವ ಪಟ್ಟಿಗಳನ್ನು ಕೊಡಲು ತಯಾರಿದ್ದೇವೆ. ಒಂದು ಪೈಸೆಯೂ ಬೇಡ, ತಪ್ಪಿದ್ದರೆ ತಿದ್ದಿ ವಾಪಸ್ ಕೊಟ್ಟರೆ ಸಾಕು.

— ಒಬ್ಬ ಡಿ.ಟಿ.ಪಿ. ಕೆಲಸಗಾರ, ಕಾಗದನಗರ, ಭದ್ರಾವತಿ