ಮುಷ್ಟಿ ಕಟ್ಟಿದ ಮೇಲೆ ಮಲ್ಲಿಗೆಗೆ ನೀರು

ಹಾಸಿಗೆ ಬಿಡೋದು ಆರೂವರೆಗೆ, ಟೆರೇಸಿಗೆ ಹೋಗೋದು ಏಳೂವರೆಗೆ. ನಡುವಿನ ಒಂದು ಗಂಟೆ ನನ್ನ ಬೆರಳುಗಳದ್ದು. ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿ ಕೂತು ಮುಷ್ಟಿ ಕಟ್ಟೋದು, ಬಿಡೋದು, ಮತ್ತೆ ಕಟ್ಟೋದು. ಪೂರ್ತಿ ಮುಷ್ಟಿಯಾದ ಮೇಲೆ ಗಿಡಕ್ಕೆ ನೀರು.

ನನಗೆ 33 ವರ್ಷ. ಎರಡು ವರ್ಷದ ಹಿಂದೆ ಲ್ಯಾಪ್‌ಟಾಪ್‌ನಿಂದ ಬಂದ ನೋವು ಅಂದುಕೊಂಡು ಮೌಸ್ ಬದಲಿಸಿದೆ, ಕುರ್ಚಿ ಬದಲಿಸಿದೆ. ಕೊನೆಗೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಯ್ತು. ವಯಸ್ಸಾದವರ ಮಂಡಿ ಸವೆತವೇ ಬೇರೆ, ಇದೇ ಬೇರೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತೆ. ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ಆಫೀಸಿನಲ್ಲಿ ಹೇಳಿದಾಗ ಎಲ್ಲರದ್ದೂ ಒಂದೇ ಪ್ರಶ್ನೆ, 'ಈ ವಯಸ್ಸಿಗೇ?'

ನನಗೆ ನೆನಪಾದದ್ದು ಅಜ್ಜಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅವಳ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. 'ವಾಯು' ಅಂತಿದ್ರು, ಅಷ್ಟೇ. ಸಂಜೆ ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಮಲ್ಲಿಗೆ ಕಟ್ಟೋಳು. ಎಷ್ಟೋ ಜನ ಹಾಗೆ ಕಟ್ತಾರೆ, ಆದರೆ ನಮ್ಮನೇಲಿ ಕಾಲಿನ ಸಹಾಯ ಬೇಕಾಗ್ತಿದ್ದದ್ದು ಅವಳೊಬ್ಬಳಿಗೇ. ಅದು ಅಜ್ಜಿಯ ಜಾಣತನ ಅಂದ್ಕೊಂಡಿದ್ದೆ. ಕೈ ಹಿಡೀತಿರ್ಲಿಲ್ಲ ಅನ್ನೋದು ಈಗ ಅರ್ಥ ಆಗ್ತಿದೆ. ಅವಳ ತಲೆ ಬಾಚಿ, ಊಟ ಕಲಸಿಕೊಟ್ಟು ನೋಡಿಕೊಂಡದ್ದು ಅಮ್ಮ. ಅದಕ್ಕೇ ಅಮ್ಮನಿಗೆ ನನ್ನ ವಿಷಯ ಹೇಳಿರಲಿಲ್ಲ.

ಟೆರೇಸಿನಲ್ಲಿರೋ ದುಂಡುಮಲ್ಲಿಗೆ ಅಜ್ಜಿಯ ಗಿಡದ ಬೇರು ಬಂದ ಕೊಂಬೆ. ಅದೂ ಸಿಮೆಂಟ್ ಕುಂಡದಲ್ಲಿ! ಬೇರು ಕೆಳಗಿನ ತೂತಿನಿಂದ ಹೊರಗೆ ಬಂದಿತ್ತು, ಮೊಗ್ಗು ಕಡಿಮೆಯಾಗಿತ್ತು, ಕುಂಡ ಬದಲಿಸಲೇಬೇಕಿತ್ತು. ಗಂಡನನ್ನು ಕೇಳಬಹುದಿತ್ತು. ಆದರೆ ಒಂದು ಸಲ ಕೇಳಿದರೆ ಮುಂದಿನದ್ದೆಲ್ಲ ಅವರ ಕೈಗೇ ಹೋಗಿಬಿಡುತ್ತೆ ಅನ್ನೋ ಹಟ ನನಗೆ. ಒಂದು ಭಾನುವಾರ ಒಬ್ಬಳೇ ಕುಂಡ ಎಳೆದೆ. ನಾಲ್ಕು ದಿನ ಮಣಿಕಟ್ಟು ಊದಿಕೊಂಡು, ಬಾಗಿಲ ಚಿಲಕ ತೆಗೆಯೋಕೂ ಆಗಲಿಲ್ಲ.

ಐದನೇ ದಿನ ಕೇಳಿದೆ. ಅವರು ಸುತ್ತಿಗೆಯಿಂದ ಕುಂಡ ಒಡೆದರು, ನಾನು ಪಕ್ಕದಲ್ಲಿ ಕೂತು ಯಾವ ಬೇರು ಕತ್ತರಿಸಬೇಕು ಅಂತ ಹೇಳಿದೆ. ಎರಡು ಬೇರು ಜಾಸ್ತಿನೇ ಕತ್ತರಿಸಿದರು, ಬೈದೆ. ಈಗ ಗಿಡ ಗ್ರೋ ಬ್ಯಾಗಿನಲ್ಲಿದೆ. ಮಣ್ಣಿಗೆ ಅರ್ಧದಷ್ಟು ಕೋಕೋಪೀಟ್ ಬೆರೆಸಿರೋದರಿಂದ ಹಗುರ. ಸೊಂಟದ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮೇಲಿದೆ, ಬಗ್ಗೋದು ಬೇಡ. ದೊಡ್ಡಪತ್ರೆ, ಬಸಳೆ, ಮೆಂತ್ಯ ಎಲ್ಲ ಅದರ ಅಕ್ಕಪಕ್ಕ ಬಂದಿವೆ. ನೀರು ಬಕೆಟ್‌ನಲ್ಲಲ್ಲ, ಪೈಪಿನಲ್ಲಿ. 'ಆರ್ಥ್ರೈಟಿಸ್‌ಗೆ ವಿಶೇಷ' ಅಂತ ಆನ್‌ಲೈನಲ್ಲಿ ಮಾರೋ ಸಲಕರಣೆಗಳ ಬೆಲೆ ನೋಡಿ ನಕ್ಕುಬಿಟ್ಟೆ. ಎಸಿ ಪೈಪಿಗೆ ಸುತ್ತೋ ಕಪ್ಪು ಫೋಮ್ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ. ಅದನ್ನೇ ಕುರ್ಪಿಯ ಹಿಡಿಗೆ ಹಾಕಿದ್ದೀನಿ. ಹಿಡಿ ದಪ್ಪ ಆದಷ್ಟೂ ಬೆರಳಿಗೆ ಬಿಗಿ ಕಡಿಮೆ. ಕೈಗವಸು ಮಾತ್ರ ಬಿಡೋ ಹಾಗಿಲ್ಲ. ವಾರಕ್ಕೊಮ್ಮೆ ತಗೊಳ್ಳೋ ಮೆಥೋಟ್ರೆಕ್ಸೇಟ್ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸೋ ಮಾತ್ರೆ. ಮಣ್ಣಿನಲ್ಲಿ ಸಣ್ಣ ಗಾಯವಾದರೂ ಸೋಂಕಿನ ಭಯ. ಮಾತ್ರೆಯ ಮಾರನೇ ದಿನ ಸುಸ್ತು, ಅವತ್ತು ಗಿಡಗಳಿಗೂ ರಜೆ.

ಹೋದ ವಾರ ಮಲ್ಲಿಗೆ ಮೊಗ್ಗು ಬಿಡ್ತು. ಬೆಳಗ್ಗೆ ಚಿವುಟೋಕೆ ಬೆರಳು ಒಪ್ಪಲ್ಲ, ಸಂಜೆ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತೆ. ಹೂ ಅರಳೋದೂ ಆಗಲೇ. ಬಿಡಿಸಿದ್ದು ಒಂದು ಬೊಗಸೆ. ಕೈಯಲ್ಲಿ ದಾರ ನಿಲ್ಲಲಿಲ್ಲ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡೆ. ಅರ್ಧ ಮೊಳ ಆಯ್ತು, ಮೂರು ಕಡೆ ಗಂಟು ಸಡಿಲ. ಖುಷಿಯಲ್ಲಿ ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಹೂವಿನ ಜೊತೆ ಕಾಲೂ ಬಂದಿದೆ ಅಂತ ನೋಡಿಕೊಳ್ಳಲಿಲ್ಲ.

ಮೆಸೇಜ್ ಬರಲಿಲ್ಲ. ನೇರ ಫೋನೇ ಬಂತು. ಹೂವಿನ ಮಾತಿಲ್ಲ, ಊಟ ಆಯ್ತಾ ಅನ್ನೋದೂ ಇಲ್ಲ.

'ಯಾವಾಗಿಂದ ಮಗಾ?' ಅಂದ್ಲು.